ಅಗ್ನಿಶಾಮಕ ದಳ ಮತ್ತು ನಾವು

ಕುಂದಾಪುರದಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ಹೆಮ್ಮಾಡಿ, ಮುಳ್ಳಿಕಟ್ಟೆ, ತ್ರಾಸಿಗಳನ್ನು ದಾಟಿ, ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿಯನ್ನೂ ಇಟ್ಟುಕೊಂಡು ಓಡುತ್ತದೆ. ಅದಾದ ಮೇಲೆ ಸಿಕ್ಕುವ ಊರು ನಾವುಂದ. ಎತ್ತ ತಿರುಗಿದರೂ ನೀರು ಕಾಣುವ ಈ ಸೀಮೆಯಲ್ಲಿ ನಿಂತು ಬೆಂಕಿಯ ಮಾತನ್ನು ತೆಗೆಯುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಮಾಘ ಕಳೆದು ಫಾಲ್ಗುಣ ಚೈತ್ರಗಳು ಬಂದಾಗ ಇಲ್ಲಿಯ ಗುಡ್ಡ, ಹಾಡಿಗಳನ್ನು ಕಂಡವರು ಹಾಗೆನ್ನಲಾರರು. ಗೇರುಹಾಡಿಯ ತರಗೆಲೆ, ಗುಡ್ಡದ ಒಣಹುಲ್ಲು, ಅಂಗಳದಂಚಿನ ಬೈಹುಲ್ಲಿನ ಕುತ್ತರಿ, ತೆಂಗಿನ ಸೋಗೆಯ ರಾಶಿ, ಇವೆಲ್ಲ ಒಂದು ಬೀಡಿಯ ತುಂಡನ್ನು ಕಾದು ಕುಳಿತಂತೆ ಇರುತ್ತವೆ. ಮೇಲಿಂದ ಮಧ್ಯಾಹ್ನವಾಗುತ್ತಲೂ ಕಡಲ ಕಡೆಯಿಂದ ಗಾಳಿ ಬೀಸಲು ಮೊದಲಾಗುತ್ತದೆ.

ಹುಲ್ಲಿನ ಕುತ್ತರಿಗೆ ಬೆಂಕಿ ಬಿದ್ದರೆ ಹಿಂದಿನವರು ಮೊದಲು ಮಾಡುತ್ತಿದ್ದ ಕೆಲಸ ನೀರು ಸೇದುವುದಲ್ಲ. ದನಗಳ ಹಗ್ಗ ಬಿಚ್ಚಿ ಹೊರಕ್ಕೆ ಅಟ್ಟುವುದು. ಪಕ್ಕದ ಕೊಟ್ಟಿಗೆಯ ಮಾಡಿನ ಮೇಲಿನ ಮುಳಿಹುಲ್ಲನ್ನು ಎಳೆದೆಳೆದು ದೂರಕ್ಕೆ ಒಗೆಯುವುದು. ಆಮೇಲೆ ಬಾವಿಯಿಂದ ಅಂಗಳದವರೆಗೆ ಸಾಲುಗಟ್ಟಿ ನಿಂತು ಕೊಡಪಾನಗಳನ್ನು ಕೈಯಿಂದ ಕೈಗೆ ದಾಟಿಸುವುದು. ಉರಿಯುವ ಕುತ್ತರಿಯನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಿದ್ದರು. ಯಾರೂ ಪುಸ್ತಕ ಓದಿ ಕಲಿತದ್ದಲ್ಲವಾದರೂ ಇದೇ ಬೆಂಕಿಯ ಶಾಸ್ತ್ರ. ಬೆಂಕಿಗೆ ಮೂರು ಬೇಕು: ಉರಿಯತಕ್ಕ ವಸ್ತು, ಗಾಳಿ, ಕಾವು. ಮೂರರಲ್ಲಿ ಒಂದನ್ನು ತಪ್ಪಿಸಿದರೆ ಬೆಂಕಿ ಸಾಯುತ್ತದೆ. ಮಾಡಿನ ಹುಲ್ಲನ್ನು ಎಳೆದವನು ವಸ್ತುವನ್ನು ತಪ್ಪಿಸಿದ. ಉರಿಯುವ ಬಾಣಲೆಯ ಮೇಲೆ ಮುಚ್ಚಳ ಹಾಕಿದವಳು ಗಾಳಿಯನ್ನು ತಪ್ಪಿಸಿದಳು. ನೀರು ಹೊಯ್ದವನು ಕಾವನ್ನು ತಪ್ಪಿಸಿದ.

ನೀರಿನ ಮಹಿಮೆ ದೊಡ್ಡದು. ಅದು ಆವಿಯಾಗುವಾಗ ಅಪಾರವಾದ ಕಾವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರು ನೀರು ಆವಿಯಾದರೆ ಸುಮಾರು ೧,೭೦೦ ಲೀಟರಿನಷ್ಟು ಹಿಗ್ಗಿ ಸುತ್ತಲಿನ ಗಾಳಿಯನ್ನೂ ಅತ್ತ ತಳ್ಳುತ್ತದೆ. ಆದರೆ ಕುದಿಯುವ ಎಣ್ಣೆಯ ಬಾಣಲೆಗೆ ಒಂದು ಚೊಂಬು ನೀರು ಹೊಯ್ದರೆ ಅದೇ ಹಿಗ್ಗುವಿಕೆ ಎಣ್ಣೆಯನ್ನು ಮಾಡಿನೆತ್ತರಕ್ಕೆ ಚಿಮ್ಮಿಸಿ ಅಡಿಗೆಮನೆಯನ್ನೇ ಹೊತ್ತಿಸುತ್ತದೆ. ಡೀಸೆಲ್ ಎಣ್ಣೆಯಾದರೆ ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಹೋಗುತ್ತದೆ. ಅದಕ್ಕೆ ನೊರೆ ಬೇಕು. ಆದುದರಿಂದ ಬೆಂಕಿ ಆರಿಸಲು ಬಂದವನು ಮೊದಲು ಕೇಳುವ ಪ್ರಶ್ನೆ ‘ಎಷ್ಟು ದೊಡ್ಡ ಬೆಂಕಿ?’ ಎಂದಲ್ಲ, ‘ಒಳಗೆ ಏನಿದೆ?’ ಎಂದು. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕದೆ ಸತ್ತವರ ಕಥೆಯನ್ನು ಮುಂದೆ ಹೇಳಲಿಕ್ಕಿದೆ. ಅದಕ್ಕೂ ಮೊದಲು ಹತ್ತಿರದ ಒಂದು ಸಂಗತಿ.

೨೦೨೩ರ ನವೆಂಬರ್ ೧೩ರಂದು, ದೀಪಾವಳಿಯ ದಿನಗಳಲ್ಲಿ, ಗಂಗೊಳ್ಳಿಯ ಬಂದರಿನಲ್ಲಿ ನಿಲ್ಲಿಸಿದ್ದ ಮೀನುಗಾರಿಕೆಯ ದೋಣಿಗಳಿಗೆ ಬೆಂಕಿ ಹತ್ತಿತು. ಒಂದರಿಂದ ಒಂದಕ್ಕೆ ಹಾರಿ ನೋಡನೋಡುತ್ತ ಹಲವು ದೋಣಿಗಳು ಸುಟ್ಟು ಕರಕಾದುವು. ಜೀವಹಾನಿಯಾಗಲಿಲ್ಲವೆಂಬುದೊಂದೇ ಸಮಾಧಾನ, ನಷ್ಟ ಕೋಟಿಗಟ್ಟಲೆ. ಈಗಿನ ದೋಣಿಯೆಂದರೆ ಹಿಂದಿನ ಮರದ ಪಾತಿಯಲ್ಲ. ಮರ ಮತ್ತು ಫೈಬರಿನ ಮೈ, ಹೊಟ್ಟೆಯಲ್ಲಿ ಡೀಸೆಲ್ಲು, ಮೇಲೆ ನೈಲಾನ್ ಬಲೆಯ ರಾಶಿ, ತೇಲುಬೆಂಡುಗಳು, ಅಡಿಗೆಗೆ ಅನಿಲದ ಸಿಲಿಂಡರು. ಇಂಥವು ಹತ್ತಾರು ಒಂದಕ್ಕೊಂದು ಒತ್ತಿ ನಿಂತಿದ್ದರೆ ಒಂದಕ್ಕೆ ತಗಲಿದ್ದು ಎಲ್ಲಕ್ಕೂ ತಗಲಿದಂತೆಯೇ.

ಗಂಗೊಳ್ಳಿಯ ಇನ್ನೊಂದು ವಿಶೇಷವನ್ನು ಅಲ್ಲಿಯವರೆಲ್ಲ ಬಲ್ಲರು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣಳತೆಯಲ್ಲಿ ಕಾಣುತ್ತದೆ. ನಡುವೆ ಇರುವುದು ಅಳಿವೆಯ ನೀರು ಮಾತ್ರ. ಆದರೆ ಗಾಲಿಗಳ ಮೇಲೆ ಹೋಗುವ ವಾಹನ ಹೆಮ್ಮಾಡಿ, ಮುಳ್ಳಿಕಟ್ಟೆಗಳ ಕಡೆಯಿಂದ ಸುತ್ತಿಕೊಂಡು ಹತ್ತಾರು ಕಿಲೋಮೀಟರು ಓಡಬೇಕು. ಹೊಗೆಯೇಳುವುದು ಠಾಣೆಯ ಕಡೆಯವರಿಗೆ ಕಂಡೀತು. ಹೋಗಿ ಮುಟ್ಟಲು ಹೊತ್ತು ಬೇಕು. ನಾವುಂದದ ಪಾಡು ಸ್ವಲ್ಪ ವಾಸಿ. ಒಂದು ಕಡೆ ಕುಂದಾಪುರದ ಠಾಣೆ, ಇನ್ನೊಂದು ಕಡೆ ಬೈಂದೂರಿನ ಠಾಣೆ, ನಡುವೆ ಹೆದ್ದಾರಿ. ಆದರೆ ಹೆದ್ದಾರಿಯಲ್ಲಿ ಯಾರ ಮನೆಯೂ ಸುಡುವುದಿಲ್ಲ. ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ಓಣಿಗಳು, ಎರಡು ಕಡೆ ಕಲ್ಲಿನ ಪಾಗಾರ, ಮೇಲೆ ತಗ್ಗಿನಲ್ಲಿ ಜೋತ ವಿದ್ಯುತ್ ತಂತಿ. ದೊಡ್ಡ ನೀರಿನ ವಾಹನ ಓಣಿಯ ಬಾಯಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಮನುಷ್ಯರು ಹೆಗಲ ಮೇಲೆ ಹೊಳವೆ ಹೊತ್ತು ಓಡಬೇಕು. ವಾಹನದಲ್ಲಿ ಇರುವುದಾದರೂ ಕೆಲವು ಸಾವಿರ ಲೀಟರು ನೀರು. ಹೊಳವೆಯ ಬಾಯನ್ನು ಪೂರ್ತಿ ಬಿಟ್ಟರೆ ನಿಮಿಷಗಳಲ್ಲಿ ಬರಿದು.

ನಮ್ಮ ದೇಶದಲ್ಲಿ ಅಗ್ನಿಶಾಮಕ ಕಾರ್ಯದ ಬಗೆಗೆ ಸಲಹೆ ಕೊಡಲು ಒಂದು ಸ್ಥಾಯೀ ಸಲಹಾ ಮಂಡಲಿ ೧೯೫೫ರಷ್ಟು ಹಿಂದೆಯೇ ಏರ್ಪಟ್ಟಿತು. ಹಳ್ಳಿಗಾಡಿನಲ್ಲಿ ಕರೆ ಬಂದ ೨೦ ನಿಮಿಷದೊಳಗೆ ದಳವು ಸ್ಥಳಕ್ಕೆ ಮುಟ್ಟಬೇಕೆಂಬುದು ಒಪ್ಪಿತವಾದ ಅಳತೆ. ಪಟ್ಟಣಗಳಲ್ಲಾದರೆ ಇನ್ನೂ ಬಹಳ ಕಡಿಮೆ. ಅಳತೆಯೇನೋ ಇದೆ. ಆದರೆ ರಾಜ್ಯಾಂಗವನ್ನು ತೆರೆದು ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಪುರಸಭೆ, ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳನ್ನು ಹೇಳುವ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯ ಹೆಸರಿದೆ. ಪಂಚಾಯತಿಗಳ ೨೯ ವಿಷಯಗಳನ್ನು ಹೇಳುವ ಹನ್ನೊಂದನೆಯ ಅನುಸೂಚಿಯಲ್ಲಿ ಮೀನುಗಾರಿಕೆಯಿದೆ, ವಾಚನಾಲಯವಿದೆ, ಸಂತೆ ಜಾತ್ರೆಗಳಿವೆ, ಬೆಂಕಿ ಆರಿಸುವುದಿಲ್ಲ. ಹಳ್ಳಿಯಲ್ಲಿ ಬೆಂಕಿ ಬೀಳುವುದೇ ಇಲ್ಲವೆಂದು ಬರೆದವರು ಎಣಿಸಿದ್ದರೋ ಏನೋ! ನಮ್ಮ ರಾಜ್ಯದಲ್ಲಿ ೧೯೬೪ರ ಅಗ್ನಿಶಾಮಕ ದಳ ಕಾಯಿದೆಯ ಪ್ರಕಾರ ಸರ್ಕಾರದ ಇಲಾಖೆಯೇ ಪಟ್ಟಣ ಹಳ್ಳಿಗಳೆರಡಕ್ಕೂ ಹೊಣೆ ಹೊತ್ತಿರುವುದು ಒಳ್ಳೆಯದೇ ಆಯಿತು. ೨೦೨೩ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆಗೆಂದು ೫,೦೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಹಾಕಿಕೊಂಡಿತು. ಆ ಹಣದಲ್ಲಿ ಮಹಾನಗರದ ಬಹುಮಹಡಿಗಳಿಗೆ ಏಣಿ ಬರಲಿ, ಬೇಡವೆನ್ನುವುದಿಲ್ಲ. ನಾವುಂದದಂಥ ಊರಿನ ಓಣಿಗೆ ನುಗ್ಗುವ ಚಿಕ್ಕ ವಾಹನ, ಇಬ್ಬರು ಹೊತ್ತೊಯ್ಯಬಹುದಾದ ಪಂಪು, ಬಂದರಿನಲ್ಲಿ ನೊರೆಯ ದಾಸ್ತಾನು, ಇವೂ ಬರಲಿ ಎಂಬುದೇ ಕೇಳಿಕೆ.

ಹೊತ್ತೊಯ್ಯುವ ಪಂಪಿನ ಮಾತು ಬಂದುದರಿಂದ ಹೇಳುತ್ತೇನೆ: ಕಡಲ ನೀರಿನಿಂದ ಬೆಂಕಿ ಆರಿಸಬಹುದೇ ಎಂದು ಕೇಳುವವರುಂಟು. ಧಾರಾಳವಾಗಿ ಆರಿಸಬಹುದು. ಕೆಲಸವಾದ ಮೇಲೆ ಪಂಪನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯದಿದ್ದರೆ ತುಕ್ಕು ತಿನ್ನುತ್ತದೆ, ಅಷ್ಟೆ. ಇನ್ನೊಂದು ಎಚ್ಚರಿಕೆ, ಉಪ್ಪುನೀರಿನಲ್ಲಿ ವಿದ್ಯುತ್ತು ಇನ್ನೂ ಸುಲಭವಾಗಿ ಹರಿಯುವುದರಿಂದ ಮೊದಲು ತಂತಿಯ ಸಂಪರ್ಕ ಕಡಿದಿರಬೇಕು. ಅಳಿವೆಯ ಬಾಯಲ್ಲೇ ಇರುವ ಬಂದರಿನಲ್ಲಿ ನೀರು ಸಾಲದೆ ದೋಣಿ ಸುಡಬಾರದು.

ಇನ್ನು, ಈ ದಳದವರ ಕೆಲಸ ಬೆಂಕಿಯೊಂದೇ ಎಂದು ತಿಳಿಯುವುದು ತಪ್ಪು. ಆಷಾಢದಲ್ಲಿ ಸೌಪರ್ಣಿಕಾ ಉಕ್ಕಿದಾಗ ನಾವುಂದದ ಸಾಲ್ಬುಡ, ಬಡಾಕೆರೆಯ ಕಡೆಯ ಮನೆಗಳು ದ್ವೀಪಗಳಾಗುತ್ತವೆ. ಅಂಥಲ್ಲಿಗೆ ದೋಣಿ ತರುವವರು ಇವರು. ಬಾವಿಗೆ ಬಿದ್ದ ಹಸುವನ್ನು, ಕೆಲವೊಮ್ಮೆ ಮನುಷ್ಯನನ್ನು, ಮೇಲಕ್ಕೆತ್ತುವವರೂ ಇವರು. ಬಾವಿಯ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ಆಳವಾದ ಬಾವಿಯ ತಳದಲ್ಲಿ ಉಸಿರಿಗೆ ಬೇಕಾದ ಗಾಳಿಯೇ ಇಲ್ಲದಿರಬಹುದು. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬ, ಅವನನ್ನು ಎತ್ತಲು ಇಳಿದ ಮತ್ತೊಬ್ಬ, ಹೀಗೆ ಸಾಲಾಗಿ ಸಾಯುವುದುಂಟು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡವನು ಮಾತ್ರ ಇಳಿಯಬೇಕು. ಆ ಸಿಲಿಂಡರಿನ ಗಾಳಿಯೂ ಅರ್ಧ ಗಂಟೆ, ಮುಕ್ಕಾಲು ಗಂಟೆಯಷ್ಟು ಬಂದರೆ ಹೆಚ್ಚು. ಅದರಲ್ಲಿ ಮೇಲೆ ಬರುವಷ್ಟನ್ನು ಉಳಿಸಿಕೊಂಡಿರಬೇಕು.

ಈಗ ಆ ಹಳೆಯ ಕಥೆ. ಕುಂದಾಪುರ ಸೀಮೆಯ ಅನೇಕ ಮನೆಗಳಿಗೆ ಬೊಂಬಾಯಿ ಎರಡನೆಯ ಊರು. ಹೋಟೆಲಿನ ಕೆಲಸಕ್ಕೆಂದೋ ಓದಿಗೆಂದೋ ಅಲ್ಲಿಗೆ ಹೋಗಿ ನೆಲೆಸಿದವರು ಒಬ್ಬರಲ್ಲ ಇಬ್ಬರಲ್ಲ. ೧೯೪೪ರ ಏಪ್ರಿಲ್ ೧೪ರ ಅಪರಾಹ್ಣ ಆ ನಗರದ ನೆಲ ನಡುಗಿತು. ಎರಡನೆಯ ಮಹಾಯುದ್ಧದ ಕಾಲ. ಫೋರ್ಟ್ ಸ್ಟಿಕೈನ್ ಎಂಬ ಹಡಗು ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಿಂದ ಹೊರಟು, ಕರಾಚಿಯನ್ನು ಮುಟ್ಟಿ, ಏಪ್ರಿಲ್ ೧೨ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕಿಗೆ ಬಂದು ನಿಂತಿತ್ತು. ಅದರ ಒಡಲಲ್ಲಿ ಸುಮಾರು ೧,೪೦೦ ಟನ್ನು ಸಿಡಿಮದ್ದು. ಜೊತೆಗೆ ಹತ್ತಿಯ ಮೂಟೆ, ಎಣ್ಣೆ, ಮರ. ಮೇಲೆ ೩೧ ಪೆಟ್ಟಿಗೆ ಚಿನ್ನದ ಗಟ್ಟಿ. ಸಿಡಿಮದ್ದು ಹೊತ್ತ ಹಡಗು ಕೆಂಪು ಬಾವುಟ ಹಾರಿಸಬೇಕೆಂಬುದು ನಿಯಮ. ಈ ಹಡಗಿನ ಮೇಲೆ ಬಾವುಟ ಹಾರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹತ್ತಿಯಿದ್ದ ಕೋಣೆಯಿಂದ ಹೊಗೆ ಕಂಡಿತು. ಹತ್ತಿಯ ಬೆಂಕಿ ಕೆಟ್ಟದ್ದು. ಒಳಗೊಳಗೇ ಕಂತುತ್ತ ಹೋಗುತ್ತದೆ, ಜ್ವಾಲೆ ತೋರುವುದಿಲ್ಲ, ನೀರು ಬುಡಕ್ಕೆ ಇಳಿಯುವುದಿಲ್ಲ. ಅಗ್ನಿಶಾಮಕದವರು ಬಂದು ೯೦೦ ಟನ್ನಿಗೂ ಮಿಕ್ಕಿ ನೀರು ತುಂಬಿಸಿದರು. ಹೊಗೆಯಲ್ಲಿ ಬೆಂಕಿಯ ಬುಡ ಸಿಕ್ಕಲಿಲ್ಲ. ಹಡಗಿನೊಳಗಿನ ನೀರು ಕುದಿಯತೊಡಗಿತು. ಹಡಗನ್ನು ಅಲ್ಲಿಯೇ ಮುಳುಗಿಸುವುದೋ, ಹೊರಗೆ ಕಡಲಿಗೆ ಎಳೆದೊಯ್ಯುವುದೋ ಎಂದು ಮೇಲಿನವರು ಒಂದು ನಿರ್ಧಾರಕ್ಕೆ ಬರಲಿಲ್ಲ. ಅಷ್ಟು ಹೊತ್ತೂ ಹೊಳವೆ ಹಿಡಿದವರು ಹಿಡಿದೇ ಇದ್ದರು. ೩ ಗಂಟೆ ೫೦ ನಿಮಿಷಕ್ಕೆ ಹಡಗನ್ನು ಬಿಟ್ಟು ಇಳಿಯಲು ಆಜ್ಞೆಯಾಯಿತು. ೪ ಗಂಟೆ ೬ ನಿಮಿಷಕ್ಕೆ ಮೊದಲ ಸ್ಫೋಟ. ಅರ್ಧ ಗಂಟೆಯೊಳಗೆ ಎರಡನೆಯದು. ಬಹು ದೂರದ ಸಿಮ್ಲಾದ ಭೂಕಂಪಮಾಪಕಗಳು ಅದನ್ನು ಗುರುತಿಸಿದುವು. ನೂರಾರು ಜನ ಸತ್ತರು. ಅಕ್ಕಪಕ್ಕದ ಹಡಗುಗಳು, ಉಗ್ರಾಣಗಳು, ಮನೆಗಳು ನಾಶವಾದುವು. ಬೆಂಕಿ ಆರಿಸಲು ಹೋಗಿ ಮಡಿದವರ ಸಂಖ್ಯೆ ೬೬. (ನಾವುಂದದ ಮುಂದೆ ಹಾದುಹೋಗುವ ಹೆದ್ದಾರಿಯ ಸಂಖ್ಯೆಯೂ ಈಗ ೬೬. ಕೇವಲ ಕಾಕತಾಳೀಯ, ಆದರೂ ಒಮ್ಮೆ ಕೇಳಿದವರಿಗೆ ಮರೆಯುವುದಿಲ್ಲ.)

ಏಪ್ರಿಲ್ ೧೪ನ್ನು ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ದಿನವೆಂದೂ, ಅಂದಿನಿಂದ ೨೦ರವರೆಗೆ ಸಪ್ತಾಹವೆಂದೂ ಆಚರಿಸುವುದು ಇದೇ ಕಾರಣದಿಂದ. ಬೊಂಬಾಯಿಯ ಬೈಕುಲಾದಲ್ಲಿರುವ ದಳದ ಮುಖ್ಯ ಕಚೇರಿಯಲ್ಲಿ ಅವರ ಸ್ಮಾರಕವಿದೆ. ಅದೇ ನಗರದಲ್ಲಿ ೨೦೧೫ರ ಮೇ ೯ರಂದು ಕಾಲ್ಬಾದೇವಿಯ ಗೋಕುಲ ನಿವಾಸವೆಂಬ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು, ಅದು ಕುಸಿದಾಗ ನಾಲ್ವರು ಅಧಿಕಾರಿಗಳು ಬಲಿಯಾದರು. ಸಂಜಯ ರಾಣೆ, ಮಹೇಂದ್ರ ದೇಸಾಯಿ ಅಲ್ಲಿಯೇ ತೀರಿಕೊಂಡರು. ಸುಧೀರ ಅಮೀನ್ ಮತ್ತು ದಳದ ಮುಖ್ಯಾಧಿಕಾರಿ ಸುನಿಲ ನೇಸರೀಕರ್ ಅದೇ ತಿಂಗಳು ಆಸ್ಪತ್ರೆಯಲ್ಲಿ. ಮುಖ್ಯಾಧಿಕಾರಿಯೇ ಬೆಂಕಿಯ ಮುಂದಿದ್ದನೆಂಬುದನ್ನು ಗಮನಿಸಬೇಕು. ಬೇರೆ ಯಾವ ಇಲಾಖೆಯಲ್ಲಿ ಹೀಗುಂಟು?

ಬಾವುಟವಿಲ್ಲದ ಹಡಗನ್ನು ನಗಬೇಡಿ; ನಮ್ಮ ನಮ್ಮ ಮನೆ ಅಂಗಡಿಗಳೇ ಅಂಥ ಹಡಗುಗಳಾಗಿರಬಹುದು. ಅಟ್ಟದ ಮೇಲೆ ಉಳಿದ ಪಟಾಕಿ, ಹಿಂಬದಿಯ ಕೋಣೆಯಲ್ಲಿ ಪೆಟ್ರೋಲಿನ ಕ್ಯಾನು, ಪರವಾನಗಿಗಿಂತ ಹೆಚ್ಚಾಗಿ ತಂದಿಟ್ಟ ಸಿಲಿಂಡರು. ಬೆಂಕಿ ಬಿದ್ದಾಗ ಕೇಸಿನ ಹೆದರಿಕೆಯಿಂದ ಯಜಮಾನನು ಇದನ್ನು ಬಾಯಿಬಿಡುವುದಿಲ್ಲ. ಒಳಗೆ ಹೋದವನಿಗೆ ತಿಳಿಯುವುದು ಸಿಡಿದ ಮೇಲೆ. ದೂರವಾಣಿಯಲ್ಲಿ ೧೦೧ಕ್ಕೋ ೧೧೨ಕ್ಕೋ ಕರೆ ಮಾಡಿದಾಗ ಊರು, ಕೇರಿ, ಹೆದ್ದಾರಿಯಿಂದ ತಿರುಗುವ ಗುರುತು ಹೇಳಿ. ಏನು ಉರಿಯುತ್ತಿದೆ, ಒಳಗೆ ಏನೇನಿದೆ, ಯಾರಿದ್ದಾರೆ ಹೇಳಿ. ಒಬ್ಬ ಹುಡುಗನನ್ನು ಓಣಿಯ ಬಾಯಿಗೆ ಕಳುಹಿಸಿ. ನೋಡಲು ಬಂದವರ ಮೋಟಾರು ಸೈಕಲುಗಳನ್ನು ದಾರಿಯಿಂದ ಸರಿಸಿ. ಇವಿಷ್ಟಕ್ಕೆ ಯಾವ ಸರ್ಕಾರದ ಅನುದಾನವೂ ಬೇಡ.

ಬಾಗಿಲ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಬೆಂಗಳೂರಿನಲ್ಲಿ ೧೯೮೧ರ ಫೆಬ್ರವರಿ ೭ರಂದು ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ೯೨ ಮಂದಿ ಸತ್ತರು, ಬಹುಪಾಲು ಮಕ್ಕಳು. ಅದೇ ನಗರದ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ೨೦೧೦ರ ಫೆಬ್ರವರಿ ೨೩ರಂದು ೯ ಮಂದಿ ಸತ್ತರು. ಕಾರ್ಲ್‌ಟನ್ನಿನಲ್ಲಿ ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ ಮತ್ತು ಹೊರದಾರಿ ಸಿಕ್ಕದ ಗಾಬರಿ. ಮುಚ್ಚಿದ ಹೊರಬಾಗಿಲಿನಿಂದ ಒಳಗಿದ್ದವನ ಜೊತೆಗೆ ಅವನನ್ನು ತರಲು ಹೋದವನ ಪ್ರಾಣಕ್ಕೂ ಸಂಚಕಾರ.

ಹೊಗೆಯಲ್ಲಿ ಇನ್ನೊಂದು ಮೋಸವಿದೆ. ಕರ್ತವ್ಯದಲ್ಲಿ ಮಡಿದವರೆಂದರೆ ಬೆಂಕಿಯಲ್ಲಿ ಬೆಂದವರು, ಗೋಡೆಯಡಿ ಸಿಕ್ಕಿದವರು ಎಂದಷ್ಟೇ ನಾವು ಎಣಿಸುತ್ತೇವೆ. ಪ್ಲಾಸ್ಟಿಕ್ಕು, ಫೈಬರು, ರಬ್ಬರು, ಬಣ್ಣ ಇವೆಲ್ಲ ಉರಿದಾಗ ಏಳುವ ಮಸಿ ಚರ್ಮದ ಮೂಲಕ, ಉಸಿರಿನ ಮೂಲಕ ಒಳಹೊಕ್ಕು ವರ್ಷಗಳ ಮೇಲೆ ರೋಗವಾಗಿ ತೋರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ೨೦೨೨ರಲ್ಲಿ ಬೆಂಕಿ ಆರಿಸುವ ಉದ್ಯೋಗವನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವ ಗುಂಪು ಅದು. ನಿವೃತ್ತನಾಗಿ ಐದು ವರ್ಷಕ್ಕೆ ಊರಿನಲ್ಲಿ ಸದ್ದಿಲ್ಲದೆ ತೀರಿಕೊಂಡವನ ಹೆಸರು ಯಾವ ಕಲ್ಲಿನ ಮೇಲೂ ಬರುವುದಿಲ್ಲ. ಮಸಿ ಹಿಡಿದ ಸಮವಸ್ತ್ರವನ್ನು ಮನೆಗೆ ಒಯ್ಯದೆ ಠಾಣೆಯಲ್ಲೇ ಒಗೆಯುವ ಏರ್ಪಾಡು, ಪ್ರತಿಯೊಬ್ಬನಿಗೂ ಎರಡು ಜೊತೆ ರಕ್ಷಾಕವಚ, ನಿವೃತ್ತಿಯ ಅನಂತರವೂ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ: ನನ್ನ ಮಟ್ಟಿಗೆ ಹೇಳುವುದಾದರೆ, ಹೂಮಾಲೆಗಿಂತ ಮೊದಲು ಇವು ಬರಬೇಕು.

ಹಾಗೆಯೇ ಕಾಡಿನವರು. ೨೦೧೭ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, ೨೦೨೩ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿ, ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವರ ಕೈಯಲ್ಲಿ ಇರುವುದು ಬಹುಶಃ ಹಸಿರು ಸೊಪ್ಪಿನ ಕಟ್ಟು. ಇಲಾಖೆ ಬೇರೆಯಾದುದರಿಂದ ಅವರನ್ನು ನೆನೆಯುವ ದಿನವೂ ಬೇರೆ, ಸೆಪ್ಟೆಂಬರ್ ೧೧. ಬೆಂಕಿಗೆ ಈ ಭೇದ ತಿಳಿಯದು.

ಗೌರವದ ಏರ್ಪಾಡು ಇಲ್ಲವೆಂದಲ್ಲ. ಗಣರಾಜ್ಯ ದಿನ, ಸ್ವಾತಂತ್ರ್ಯ ದಿನಗಳಂದು ಅಗ್ನಿಶಾಮಕ ದಳದವರಿಗೂ ರಾಷ್ಟ್ರಪತಿಗಳ ಪದಕಗಳು ಪ್ರಕಟವಾಗುತ್ತವೆ. ಏಪ್ರಿಲ್ ೧೪ರಂದು ಠಾಣೆಗಳಲ್ಲಿ ಹುತಾತ್ಮರಿಗೆ ವಂದನೆ ಸಲ್ಲುತ್ತದೆ. ಆದರೆ ಆ ದಿನದ ಅದೃಷ್ಟವನ್ನು ನೋಡಿ: ಕರಾವಳಿಯಲ್ಲಿ ಅದು ಹೆಚ್ಚಾಗಿ ಸೌರಮಾನ ಯುಗಾದಿಯ ಆಸುಪಾಸು; ಮನೆಮನೆಯಲ್ಲಿ ಕಣಿಯ ಸಂಭ್ರಮ. ಅಂಬೇಡ್ಕರ್ ಜಯಂತಿಯೂ ಆದುದರಿಂದ ಕಚೇರಿಗಳಿಗೆ ರಜೆ. ಸಪ್ತಾಹದ ಉಳಿದ ದಿನಗಳಲ್ಲಿ ಮಕ್ಕಳನ್ನು ಠಾಣೆಗೆ ಕರೆದೊಯ್ದು ತೋರಿಸೋಣವೆಂದರೆ ನಮ್ಮ ಶಾಲೆಗಳಿಗೆ ಬೇಸಗೆಯ ರಜೆ ಬಂದಿರುತ್ತದೆ! ಹೀಗಾಗಿ ಕಲಿಯಬೇಕಾದವರೇ ಇಲ್ಲದ ಹೊತ್ತಿನಲ್ಲಿ ಪಾಠ ನಡೆದುಹೋಗುತ್ತದೆ. ದಿನವನ್ನು ಬದಲಿಸಲಾಗದು, ಬದಲಿಸಲೂ ಬಾರದು. ಮಕ್ಕಳ ಪಾಠವನ್ನು ಮಾತ್ರ ದೀಪಾವಳಿಗೆ ಹದಿನೈದು ದಿನ ಮೊದಲು ಇಟ್ಟುಕೊಳ್ಳಬಹುದು. ಗುಡ್ಡ ಒಣಗುವ ಜನವರಿಯಲ್ಲಿ ಇನ್ನೊಮ್ಮೆ.

ದೊಡ್ಡವರಿಗೆ ರೇಡಿಯೋ ಇದೆ. ಪೊಲೀಸ್ ಇಲಾಖೆಯವರು ಪ್ರತಿ ಅಕ್ಟೋಬರ್ ೨೧ರಂದು ತಮ್ಮಲ್ಲಿ ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಏಪ್ರಿಲ್ ೧೪ರ ಸಂಜೆ ಅದೇ ರೀತಿ ಬೆಂಕಿಯಲ್ಲಿ ಮಡಿದವರ ಹೆಸರುಗಳನ್ನು ಬಾನುಲಿಯಲ್ಲಿ ಓದಬಹುದು. ಬೊಂಬಾಯಿಯ ಆ ಡಾಕಿನ ಕೆಸರಿನಿಂದ ೧೯೭೦ರ ದಶಕದವರೆಗೂ ಹೂಳೆತ್ತುವಾಗ ಚಿನ್ನದ ಗಟ್ಟಿಗಳು ಆಗೊಮ್ಮೆ ಈಗೊಮ್ಮೆ ಸಿಕ್ಕುತ್ತಿದ್ದುವು. ಅವನ್ನು ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಸಲಾಯಿತು. ಚಿನ್ನದ ಲೆಕ್ಕವನ್ನು ಅಷ್ಟು ದೀರ್ಘಕಾಲ ಇಟ್ಟರು. ಅರುವತ್ತಾರು ಹೆಸರುಗಳನ್ನು, ಒಂದಕ್ಕೆ ಮೂರು ಕ್ಷಣದಂತೆ ನಿಧಾನವಾಗಿ ಓದಿದರೂ, ನಾಲ್ಕು ನಿಮಿಷ ಹಿಡಿಯುವುದಿಲ್ಲ. ಒಂದು ಚಿತ್ರಗೀತೆಯಷ್ಟು ಹೊತ್ತು.